ದೊಡ್ಡಮ್ಮನ ಬಳೆಗೆ ಹೊಂದಿಸಿದ ಮೆಷಿನ್

ಹಚ್ಚೆ ಹಾಕುವ ಮೆಷಿನ್ ಕೊಳ್ಳಲು ಬಳ್ಳಾರಿಗೆ ಹೋದ ದಿನ ನಾನು ಅದನ್ನು ಜೀನ್ಸ್ ಹೊಲಿಯುವ ಮೆಷಿನ್ ಆರಿಸುವ ಹಾಗೆಯೇ ಆರಿಸಿದೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ರಾಯದುರ್ಗದಲ್ಲಿ ಹನ್ನೊಂದು ವರ್ಷ ಜೀನ್ಸ್ ಪ್ಯಾಂಟು ಹೊಲಿದವಳು ನಾನು. ನಮ್ಮ ಓಣಿಯಲ್ಲಿ ಮನೆಗೊಂದು ಹೊಲಿಗೆ ಮೆಷಿನ್ ಇದೆ, ಕೆಲವು ಕಡೆ ಮೆಷಿನ್‌ಗಳ ನಡುವೆ ಸ್ವಲ್ಪ ಮನೆ ಇದೆ. ಹೊಸ ಮೆಷಿನ್ ಬಂದರೆ ಅದನ್ನು ಪರೀಕ್ಷೆ ಮಾಡುವ ಬಗೆ ನಮಗೆಲ್ಲ ಒಂದೇ. ಪ್ಯಾಂಟಿನ ಎರಡು ಕಾಲು ಕೂಡುವ ಜಾಗದಲ್ಲಿ ಬಟ್ಟೆ ಎಂಟು ಪದರ ದಪ್ಪ ಇರುತ್ತದೆ. ಅಲ್ಲಿ ಸೂಜಿ ತಡವರಿಸದೆ ಅದೇ ವೇಗದಲ್ಲಿ ದಾಟಿತೋ, ಮೆಷಿನ್ ಗಟ್ಟಿ. ತಡವರಿಸಿತೋ, ವಾಪಸ್ಸು. ಈ ವಿಷಯದಲ್ಲಿ ಬೇರೆ ಯಾರ ಮಾತೂ ನಡೆಯುವುದಿಲ್ಲ.

ಬಳ್ಳಾರಿಯ ಅಂಗಡಿಯವನು ನನ್ನ ಮುಂದೆ ಮೂರು ರೋಟರಿ ಮೆಷಿನ್ ಇಟ್ಟ. ಹೆಸರು ಜೋರಾಗಿದ್ದರೂ ಒಳಗಿನ ಸಂಗತಿ ನನಗೆ ಹೊಸದಲ್ಲ. ಒಂದು ಪುಟ್ಟ ಮೋಟಾರು ತಿರುಗುತ್ತದೆ. ಅದರ ತುದಿಯಲ್ಲಿ, ನಡುವಿನಿಂದ ಸ್ವಲ್ಪ ಸರಿಸಿ ಕೂರಿಸಿದ ಒಂದು ಗುಂಡಿ. ಗುಂಡಿ ಒಂದು ಸುತ್ತು ಬಂದರೆ ಸೂಜಿ ಒಮ್ಮೆ ಇಳಿದು ಏಳುತ್ತದೆ. ಗುಂಡಿ ನಡುವಿನಿಂದ ಎಷ್ಟು ಸರಿದಿದೆಯೋ ಸೂಜಿಯ ಓಟ ಅಷ್ಟು ಉದ್ದ. ಅಂಗಡಿಯವನು ಒಂದೊಂದನ್ನೇ ಎತ್ತಿ ಹೇಳುತ್ತಾ ಹೋದ: ಇದರ ಓಟ ಉದ್ದ, ಗೆರೆ ಎಳೆಯಲು. ಇದು ಮಧ್ಯಮ, ಬಣ್ಣ ತುಂಬಲು. ಇದು ಗಿಡ್ಡ, ಒಳಗೆ ಮೆತ್ತನೆಯ ಸ್ಪ್ರಿಂಗ್ ಇದೆ, ಚರ್ಮ ತಡೆದರೆ ಸೂಜಿ ತಾನೇ ಹಿಂದೆ ಸರಿಯುತ್ತದೆ, ನೆರಳು ಹಾಕಲು, ಚುಕ್ಕಿ ಇಡಲು. ನಾನು ಮೂರರ ಸೂಜಿ ಕಡ್ಡಿಗೂ ಹೆಬ್ಬೆರಳು ಒತ್ತಿ ನೋಡಿದೆ. ಗಿಡ್ಡ ಓಟದ್ದು ಬೆರಳಿಗೆ ಸೋತು ಹಿಂದೆ ಸರಿಯಿತು. ಉದ್ದ ಓಟದ್ದು ನನ್ನ ಬೆರಳನ್ನೇ ತಳ್ಳಿತು. ಬೆರಳಿಗೆ ಸೋಲುವ ಮೆಷಿನ್ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಉದ್ದದ್ದನ್ನೇ ಎತ್ತಿಕೊಂಡು ಬಂದೆ. ಪಾಪ, ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಬುದ್ಧಿ ಹೇಳುವವರ ಬಾಯಿ ಮುಚ್ಚಿಸುವ ಚಟ ನನಗೆ ಮೊದಲಿನಿಂದಲೂ ಇದೆ.

ಕೂತು ಕೂತು ನನ್ನ ಸೊಂಟ ಕೈಕೊಟ್ಟಿತ್ತು, ಅದಕ್ಕೇ ಈ ಹೊಸ ದಂಧೆ. ಬಳ್ಳಾರಿಯ ಹೆಂಗಸೊಬ್ಬರ ಬಳಿ ಆರು ತಿಂಗಳು ಹೋಗಿ ಬಂದು ಕೆಲಸ ಕಲಿತು, ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಕೋಣೆ ಹಿಡಿದೆ. ಬೋರ್ಡನ್ನು ಕನ್ನಡ, ತೆಲುಗು ಎರಡರಲ್ಲೂ ಬರೆಸಿದೆ. ಓಬಳಾಪುರದ ಕಡೆಯ ಲಾರಿ ಡ್ರೈವರುಗಳು ತೋಳಿನ ಮೇಲೆ ಸಿಂಹ ಬೇಕೆಂದು ಬರುತ್ತಿದ್ದರು. ಬೆಳುಗುಪ್ಪದ ಹುಡುಗಿಯರು ಮಣಿಕಟ್ಟಿನ ಮೇಲೆ ಅಪ್ಪನ ಹೆಸರು ಬರೆಸಿಕೊಂಡು, ಎರಡು ಹನಿ ಕಣ್ಣೀರು ಹಾಕಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ಬಿಸಿಲಲ್ಲಿ ಬೆಳೆದ ಗಟ್ಟಿ ಚರ್ಮ, ನನ್ನ ಗಟ್ಟಿ ಮೆಷಿನ್. ಗೆರೆ ಒಂದೇ ಸಲಕ್ಕೆ ಕಪ್ಪಗೆ ಕೂರುತ್ತಿತ್ತು. ಎರಡು ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗ ಮಡಕಶಿರದಿಂದ ದೊಡ್ಡಮ್ಮನ ಫೋನ್ ಬಂತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅವಳ ಬಲಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮೂರು ಸಾಲು ಹಚ್ಚೆಯ ಬಳೆಗಳಿವೆ: ಒಂದು ಚುಕ್ಕಿ ಸಾಲು, ನಡುವೆ ಒಂದು ಗೆರೆ, ಮತ್ತೆ ಒಂದು ಚುಕ್ಕಿ ಸಾಲು, ಕೈ ಸುತ್ತಲೂ. ಅವಳು ಏಳು ವರ್ಷದವಳಿದ್ದಾಗ ಹಚ್ಚೆ ಹಾಕುವವಳೊಬ್ಬಳು ಮನೆ ಬಾಗಿಲಿಗೆ ಬಂದು, ಮೂರು ಸೂಜಿ ಒಟ್ಟಿಗೆ ಕಟ್ಟಿ, ದೀಪದ ಕಾಡಿಗೆಯಲ್ಲಿ ಅದ್ದಿ ಚುಚ್ಚಿದ್ದು. ದೊಡ್ಡಪ್ಪ ತೀರಿಕೊಂಡಾಗ ದೊಡ್ಡಮ್ಮನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಗಾಜಿನ ಬಳೆಗಳನ್ನು ಒಡೆದರು. ಹಚ್ಚೆಯ ಬಳೆಗಳನ್ನು ಒಡೆಯಲು ಯಾರಿಂದಲೂ ಆಗಲಿಲ್ಲ.

ಅವರ ಕೇರಿಯಲ್ಲಿ ಹಸುಗೂಸುಗಳಿಗೆ ನೀರು ಹಾಕುವವಳು ದೊಡ್ಡಮ್ಮನೇ. ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು ಎಲ್ಲರ ಕೈಗೆ ಬರುವ ಕೆಲಸವಲ್ಲ. ಗಂಡ ಹೋದ ಮೇಲೆ ಕೆಲವರು ಹಿಂದೆ ಮುಂದೆ ನೋಡಿದರು, ಗಂಡನಿಲ್ಲದವಳ ಕೈ ಹಸುಗೂಸಿಗೆ ಯಾಕೆ ಎಂದು. ದೊಡ್ಡಮ್ಮ ಆ ಮನೆಗಳ ಬಾಗಿಲಿಗೇ ಹೋಗಿ ಬಲಗೈ ಮುಂದೆ ಹಿಡಿದಳಂತೆ.

"ನನ್ ಬಳೆ ಇನ್ನೂ ಇಲ್ಲೇ ಐತೆ. ಕಣ್ಣಿದ್ದೋರು ನೋಡ್ಕಳಿ."

ಅಂದಿನಿಂದ ಮೂವತ್ತು ವರ್ಷ ಅವಳು ಆ ಕೇರಿಯ ಕೂಸುಗಳಿಗೆಲ್ಲ ನೀರು ಹಾಕಿದಳು.

ಎರಡು ವರ್ಷದ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಅದೇ ಕೈ ಮುರಿಯಿತು. ಆಪರೇಶನ್ ಮಾಡಿ ಪ್ಲೇಟ್ ಕೂರಿಸಿದರು. ಡಾಕ್ಟರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು, ಮೂಳೆ ಕೂಡಿತು, ಕೈ ಉಳಿಯಿತು. ಹಚ್ಚೆಯ ಸಾಲು ಕೂಡಿಸುವುದು ಅವರ ಕೆಲಸವಲ್ಲ. ಗಾಯ ಒಣಗಿದಾಗ ಮೂರೂ ಬಳೆಗಳನ್ನು ಸೀಳಿಕೊಂಡು ಉದ್ದಕ್ಕೆ ಒಂದು ಬಿಳಿ ಕಲೆ, ಕಲೆಯ ಆಚೆಗಿನ ಸಾಲು ಈಚೆಗಿನ ಸಾಲಿಗಿಂತ ಅಕ್ಕಿಕಾಳಿನಷ್ಟು ಕೆಳಗೆ. ಚೌಕಳಿ ಅಂಗಿಗೆ ಅವಸರದಲ್ಲಿ ಜೇಬು ಹಚ್ಚಿದರೆ ಗೆರೆಗೆ ಗೆರೆ ಕೂಡದೆ ನಿಲ್ಲುತ್ತದಲ್ಲ, ಹಾಗೆ.

ದೊಡ್ಡಮ್ಮ ಅಂದಿನಿಂದ ಕೂಸುಗಳಿಗೆ ನೀರು ಹಾಕುವುದನ್ನು ಬಿಟ್ಟಳು. ಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕರೆಯಲು ಬಂದವರಿಗೆ ಕೈ ನೋವು ಎನ್ನುತ್ತಿದ್ದಳು. ಅದೇ ಕೈಯಲ್ಲಿ ಮುದ್ದೆ ತಿರುವುತ್ತಿದ್ದುದನ್ನು ನಾನೇ ನೋಡಿದ್ದೇನೆ. ಒಡೆದ ಬಳೆಯ ಕೈಯನ್ನು ಕೂಸಿನ ಮೈಮೇಲೆ ಇಡುವುದಿಲ್ಲ ಎಂಬುದು ಅವಳೇ ಅವಳಿಗೆ ಹಾಕಿಕೊಂಡ ಕಟ್ಟಳೆ. ಬೇರೆಯವರು ಹಾಕಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಈಗ ಅವಳ ಮೊಮ್ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆರನೇ ತಿಂಗಳು. ಫೋನಿನಲ್ಲಿ ದೊಡ್ಡಮ್ಮ ಹೇಳಿದ್ದು ಇಷ್ಟೇ:

"ನಿನ್ ಮಿಶನ್ ತಗಂಡು ಬಾ. ಕೂಸು ಬರೋದ್ರೊಳಗೆ ನನ್ ಬಳೆ ಕೂಡ್ಸು."

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋದೆ. ಎಪ್ಪತ್ತರ ಕೈ, ಸಕ್ಕರೆ ಕಾಯಿಲೆ ಬೇರೆ. ಮೊದಲು ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ ಕೇಳಿದೆ. ಸಕ್ಕರೆ ಹತೋಟಿಯಲ್ಲಿದೆ, ಕಲೆ ಪೂರಾ ಮಾಗಿದೆ, ಆದರೆ ಗಾಯ ಕೀವಾಗದಂತೆ ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ ಎಂದರು. ಅಷ್ಟು ಸಾಕು ಎಂದುಕೊಂಡೆ. ಪಡಸಾಲೆಯಲ್ಲಿ ಚಾಪೆ ಹಾಸಿ, ಗ್ಲೌಸ್ ತೊಟ್ಟು, ಹೊಸ ಸೂಜಿ ಕೂರಿಸಿ, ಮಣಿಕಟ್ಟಿನ ಕಡೆಯ ಚುಕ್ಕಿ ಸಾಲಿನ ತುದಿಯಿಂದ ಶುರು ಮಾಡಿದೆ. ಒಂದು ಚುಕ್ಕಿ. ಎರಡು. ಮೂರು.

ಮೂರನೆಯದಕ್ಕೆ ರಕ್ತ ಜಿನುಗಿತು. ಒರೆಸಿ ನೋಡಿದರೆ ಚುಕ್ಕಿಗಳು ಚುಕ್ಕಿಗಳಾಗಿ ಉಳಿದಿರಲಿಲ್ಲ. ಮಸಿ ಚರ್ಮದ ಕೆಳಗೆ ಹರಡಿ ಹೆಸರುಕಾಳಿನಷ್ಟು ಅಗಲದ ನೀಲಿ ಮಬ್ಬಾಗಿತ್ತು. ಅವಳ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ನನ್ನ ಮೆಷಿನ್ ಅದನ್ನು ಎಂಟು ಪದರ ಎಂದುಕೊಂಡು ದಾಟಿ, ಅದರಡಿಗೂ ಹೋಗಿ ಮಸಿ ಕಾರಿತ್ತು. ತಕ್ಷಣ ನಿಲ್ಲಿಸಿದೆ.

ದೊಡ್ಡಮ್ಮನ ಸೊಸೆ, ಬಸುರಿಯ ತಾಯಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಯಸ್ಸಾದವರ ಕೈಯನ್ನು ಹೀಗೆ ಮಾಡಿಟ್ಟೆಯಲ್ಲ, ನಾಳೆ ಹುಣ್ಣಾದರೆ ನೋಡಿಕೊಳ್ಳುವವಳು ನಾನು, ನೀನು ಬಸ್ಸು ಹತ್ತಿ ಹೋಗುತ್ತೀಯ ಎಂದಳು. ಬೇರೆ ದಿನವಾಗಿದ್ದರೆ ನಾಲ್ಕು ಮಾತು ತಿರುಗಿ ಆಡುತ್ತಿದ್ದೆ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಾದ್ದರಿಂದ ತಲೆ ತಗ್ಗಿಸಿ ಗಾಯಕ್ಕೆ ಪಟ್ಟಿ ಸುತ್ತಿದೆ. ದೊಡ್ಡಮ್ಮ ಬಯ್ಯಲಿಲ್ಲ. ಸೆರಗನ್ನು ಕೈಮೇಲೆ ಎಳೆದುಕೊಂಡು, ಊಟ ಮಾಡಿ ಹೋಗು ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ರಾಯದುರ್ಗಕ್ಕೆ ಬಂದವಳು ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೇ ದಿನ ಮೆಷಿನ್ ಎತ್ತಿಕೊಂಡು, ಜೀನ್ಸ್ ಕಾಲದಿಂದ ನನಗೆ ಗೊತ್ತಿದ್ದ ಹೊಲಿಗೆ ಮೆಷಿನ್ ಮೇಸ್ತ್ರಿಯ ಬಳಿಗೆ ಹೋದೆ. ಮುದುಕರು, ಕಿವಿ ಮಂದ. ಮೆಷಿನ್‌ನ ಸದ್ದನ್ನು ಕೇಳುವುದಿಲ್ಲ, ಒಂದು ಬೆರಳಿಟ್ಟು ನೋಡುತ್ತಾರೆ. ನನ್ನದನ್ನು ಓಡಿಸಿ, ಬೆರಳಿಟ್ಟು, ಇದನ್ನು ಆರಿಸಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಯಾಕೆ ಎಂದರು. ಗಟ್ಟಿ ಇತ್ತು ಎಂದೆ. ದೊಡ್ಡಮ್ಮನ ಕೈಯ ಕಥೆಯನ್ನೂ ಹೇಳಿದೆ, ಮುಚ್ಚಿಡದೆ.

"ಜೀನ್ಸಿಗೆ ಚಲೋ ಐತ್ರಿ," ಎಂದರು. "ನಿಮ್ಮ ದೊಡ್ಡವ್ವಾರು ಜೀನ್ಸ್ ಅಲ್ಲಲ್ರಿ."

ಮೆಷಿನ್ ನಿಲ್ಲಿಸಿ ನನ್ನ ಮುಂದೆ ಇಟ್ಟರು.

"ತೆಳ್ಳನ ಬಟ್ಟಿ ಮುಂದ ಮೆಷಿನ್ನ ಸೋಲಬೇಕ್ರಿ, ಬಟ್ಟಿ ಸೋಲಬಾರದು. ಇಷ್ಟು ವರ್ಷ ಹೊಲದೀರಿ, ಇದು ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ತೆಳ್ಳನೆ ವಾಯಿಲ್ ಸೀರೆಗೆ ಫಾಲ್ ಹಚ್ಚುವಾಗ ಸಣ್ಣ ಸೂಜಿ ಹಾಕಿ, ಬಿಗಿ ಸಡಿಲಿಸಿ, ಪೆಡಲ್ ಮೇಲೆ ಕಾಲು ಹಗುರ ಇಡಬೇಕೆಂದು ನಾನೇ ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಿದ್ದೆ. ಬಳ್ಳಾರಿಯ ಅಂಗಡಿಯವನು ಅದನ್ನೇ ಹೇಳಲು ಹೊರಟಾಗ ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ. ಹೊಸ ಮೆಷಿನ್ ಕೊಳ್ಳೋಣವೇ ಎಂದೆ. ಇದರ ಮೋಟಾರು ಚಿನ್ನದಂಥದ್ದು, ಮೋಟಾರಿನದೇನೂ ತಪ್ಪಿಲ್ಲ ಎಂದರು.

ಮೊದಲು ಗುಂಡಿ. ಹಳೆಯದರಲ್ಲಿ ಸೂಜಿಯ ಓಟ ನಾಲ್ಕು ಮಿಲಿಮೀಟರ್ ಇತ್ತು. ಮೇಸ್ತ್ರಿ ಲೇತಿನವರ ಬಳಿ ಹಿತ್ತಾಳೆಯ ಹೊಸ ಗುಂಡಿ ತಿರುವಿಸಿ, ಸೂಜಿ ಕಡ್ಡಿ ತಗುಲುವ ಅದರ ಮೊಳೆಯನ್ನು ನಡುವಿನ ಹತ್ತಿರಕ್ಕೆ ತಂದು, ಓಟವನ್ನು ಎರಡೂವರೆಗೆ ಇಳಿಸಿದರು. ಹೊಸ ಗುಂಡಿ ಕೂರಿಸಿ ಓಡಿಸಿದರೆ ಮೆಷಿನ್ ಇಡೀ ನಡುಗಿತು. ನೀರು ತುಂಬಿದ ಲೋಟಕ್ಕೆ ಮೆಷಿನ್ ತಾಗಿಸಿ, ನೀರಿನ ಮೇಲೆ ಏಳುವ ಅಲೆ ನೋಡುತ್ತಾ, ಗುಂಡಿಯ ಭಾರದ ಬದಿಯನ್ನು ಚೂರು ಚೂರೇ ಅರದಲ್ಲಿ ಉಜ್ಜಿದರು. ನೀರು ನಿಶ್ಚಲವಾಗುವ ಹೊತ್ತಿಗೆ ಮಧ್ಯಾಹ್ನದ ಊಟದ ವೇಳೆ ದಾಟಿತ್ತು.

ಆಮೇಲೆ ಸ್ಪ್ರಿಂಗ್. ಹೊಲಿಗೆ ಮೆಷಿನ್‌ನಲ್ಲಿ ದಾರವನ್ನು ಬಿಗಿ ಮಾಡಲು ಒಂದು ಸಣ್ಣ ಸ್ಪ್ರಿಂಗ್, ಅದರ ಮೇಲೊಂದು ತಿರುಪು ಇರುತ್ತದೆ. ಅಂಥದ್ದೊಂದನ್ನು ಸೂಜಿ ಕಡ್ಡಿಯ ಹಿಂದೆ ಕೂರಿಸಿದರು. ತಿರುಪು ಸಡಿಲ ಇದ್ದರೆ ಚರ್ಮ ತಡೆದ ಕೂಡಲೇ ಸೂಜಿ ಹಿಂದೆ ಸರಿಯುತ್ತದೆ, ಬಿಗಿ ಮಾಡಿದರೆ ಹಟ ಹಿಡಿಯುತ್ತದೆ. ದೊಡ್ಡಮ್ಮನ ಕೈಯಲ್ಲಿ ಎರಡೂ ಬೇಕಿತ್ತು. ಸುತ್ತಲಿನ ಚರ್ಮ ವಾಯಿಲ್, ನಡುವಿನ ಕಲೆ ಕ್ಯಾನ್ವಾಸು. ತಿರುಪಿನ ಮೇಲೆ ನಾನು ಕೆಂಪು ಉಗುರುಬಣ್ಣದಲ್ಲಿ ಎರಡು ಗುರುತು ಹಾಕಿಕೊಂಡೆ. ಹಿಡಿಯ ಸುತ್ತ ಬ್ಯಾಂಡೇಜು ಸುತ್ತಿ ದಪ್ಪ ಮಾಡಿದೆ. ಹಿಡಿ ಸಣ್ಣಗಿದ್ದರೆ ಬೆರಳು ತಾನಾಗಿಯೇ ಬಿಗಿಯುತ್ತದೆ, ದಪ್ಪಗಿದ್ದರೆ ಕೈ ಸಡಿಲವಾಗುತ್ತದೆ. ನನ್ನ ಹನ್ನೊಂದು ವರ್ಷದ ಜೀನ್ಸ್ ಕೈಗೆ ಆ ಸಡಿಲ ಬೇಕಾಗಿತ್ತು.

ಮೇಸ್ತ್ರಿ ಮೆಷಿನ್ ಕೈಗಿಡುವಾಗ ಸಲಹೆಯನ್ನೂ ಇಟ್ಟರು: ಮಾಗಿದ ಟೊಮ್ಯಾಟೊ ಮೇಲೆ ಗೆರೆ ಎಳೆಯಿರಿ, ರಸ ಬರಬಾರದು. ಒಂದು ಬುಟ್ಟಿ ಟೊಮ್ಯಾಟೊ ಹಾಳಾಯಿತು, ಒಂದು ವಾರ ನಮ್ಮ ಮನೆಯಲ್ಲಿ ಬರೀ ಟೊಮ್ಯಾಟೊ ಸಾರು. ರಸ ಬರುವುದು ನಿಂತ ಮೇಲೆ ನನ್ನದೇ ಎಡಗೈಗೆ ಬಂದೆ. ಮಣಿಕಟ್ಟಿನ ಒಳಬದಿಯ ತೆಳು ಚರ್ಮದ ಮೇಲೆ ಐದು ಚುಕ್ಕಿ. ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆಯ ಮೇಲೆ ತಿರುಪು ಬಿಗಿ ಮಾಡಿ, ವೇಗ ಇಳಿಸಿ, ಇನ್ನೈದು. ಮೂರು ವಾರ ಕಾದೆ. ಹತ್ತೂ ಚುಕ್ಕಿ ಹರಡದೆ ನಿಂತವು.

ಅಷ್ಟರಲ್ಲಿ ದೊಡ್ಡಮ್ಮನ ಕೈಯ ಗಾಯವೂ ಒಣಗಿತ್ತು, ನೀಲಿ ಮಬ್ಬು ಮಾತ್ರ ಹಾಗೇ ಇತ್ತು. ಎರಡನೇ ಸಲ ಹೋದಾಗ ಬಸುರಿಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಸೊಸೆ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಬಂದು ಪಕ್ಕದಲ್ಲೇ ಕೂತಳು, ಕಾವಲಿಗೆ. ಮೆಷಿನ್ ಸದ್ದು ಮೊದಲಿನಂತಿಲ್ಲವಲ್ಲ ಎಂದು ಅನುಮಾನದಿಂದ ಕೇಳಿದಳು. ಬುದ್ಧಿ ಬಂದಿದೆ ಎಂದೆ. ಯಾರಿಗೆ ಎಂದು ಅವಳು ಕೇಳಲಿಲ್ಲ, ದೊಡ್ಡತನ.

ಸಾಲುಗಳು ಅಕ್ಕಿಕಾಳಿನಷ್ಟು ಮೇಲೆ ಕೆಳಗೆ ಇದ್ದವು. ನೇರ ಕೂಡಿಸಿದರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಹೊಲಿಗೆಯಲ್ಲಿ ಇಂಥದ್ದು ಬಂದರೆ ಒಂದೇ ಕಡೆ ಎಳೆಯುವುದಿಲ್ಲ, ನಾಲ್ಕು ಬೆರಳಿನ ಉದ್ದಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬರುತ್ತೇವೆ. ಹಾಗೆಯೇ ಹಳೆಯ ಮಸುಕು ಚುಕ್ಕಿಗಳ ಪಕ್ಕದಲ್ಲಿ ಹೊಸ ಚುಕ್ಕಿ ಇಡುತ್ತಾ ಸಾಲನ್ನು ಓರೆಯಾಗಿ ಇಳಿಸಿದೆ. ತೆಳು ಚರ್ಮದ ಮೇಲೆ ಸಡಿಲದ ಗುರುತು, ಕಲೆ ಬಂದಾಗ ಬಿಗಿಯ ಗುರುತು, ಕಲೆ ದಾಟಿದರೆ ಮತ್ತೆ ಸಡಿಲ. ಒಂದೊಂದು ಚುಕ್ಕಿಗೂ ಒರೆಸಿ ನೋಡಿದೆ. ಮಸಿ ಇಟ್ಟಲ್ಲೇ ಕೂತಿತು. ಹೀಗೆ ಮೊದಲ ಬಳೆ ಮುಗಿಯಿತು.

ನೀಲಿ ಮಬ್ಬನ್ನು ಅಳಿಸಲು ಬರುವುದಿಲ್ಲ. ಅದರ ಸುತ್ತ ಸಣ್ಣ ಚುಕ್ಕಿಗಳನ್ನು ವೃತ್ತವಾಗಿ ಇಟ್ಟೆ, ಬಳೆಗೆ ಕಲ್ಲು ಕೂರಿಸಿದ ಹಾಗೆ ಕಂಡಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ, ಕೇಳದೇ ಇದ್ದರೂ ಕಲ್ಲಿನ ಬಳೆ ಕೊಟ್ಟೆ ಎಂದಳು. ನನ್ನ ತಪ್ಪಿಗೆ ಅವಳು ಅಷ್ಟು ಸುಲಭದಲ್ಲಿ ಹೆಸರು ಬದಲಿಸಿದ್ದು ನೋಡಿ ನನಗೆ ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು. ಇನ್ನುಳಿದ ಎರಡು ಸಾಲು ಮುಗಿಯುವ ಹೊತ್ತಿಗೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ನೋವಾಗಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಈ ಸಲ ನಾನು ಬಸ್ಸು ಹತ್ತಲಿಲ್ಲ. ಹತ್ತು ದಿನ ಅಲ್ಲೇ ಉಳಿದೆ. ಬೆಳಿಗ್ಗೆ ಸಂಜೆ ನಾನೇ ಕೈ ತೊಳೆದು, ಮುಲಾಮು ಹಚ್ಚಿ, ಸಕ್ಕರೆ ಪರೀಕ್ಷೆ ಮಾಡಿಸಿದೆ. ಐದನೇ ದಿನ ಸಿಪ್ಪೆ ಏಳಲು ಶುರುವಾಯಿತು. ಎಂಟನೇ ದಿನ ಕಲೆಯ ಮೇಲಿನ ಸಿಪ್ಪೆ ಬಿದ್ದುಹೋದಾಗ ಅದರಡಿಯಲ್ಲಿ ಚುಕ್ಕಿಗಳೇ ಇರಲಿಲ್ಲ, ಹಾಲಿನಂಥ ಬೆಳ್ಳನೆ ಚರ್ಮ ಮಾತ್ರ. ಹೀಗಾಗುತ್ತದೆ, ಹೊಸ ಚರ್ಮ ತಿಳಿಯಾದ ಮೇಲೆ ಮಸಿ ಕಾಣುತ್ತದೆ ಎಂದು ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಕೈ ಮುರಿದಾಗಿನಿಂದ ತೊಡುತ್ತಿದ್ದ ಉದ್ದ ತೋಳಿನ ಕುಪ್ಪಸವನ್ನೇ ದೊಡ್ಡಮ್ಮ ಆ ದಿನ ಮತ್ತೆ ತೊಟ್ಟಳು. ನಾನು ಹಿತ್ತಲಿಗೆ ಹೋಗಿ ನನ್ನ ಕೈಯ ಹತ್ತು ಚುಕ್ಕಿಗಳನ್ನು ಮತ್ತೆ ಮತ್ತೆ ಎಣಿಸಿದೆ.

ಊರಿಗೆ ಬಂದ ಮೇಲೂ ನನ್ನ ಜೀವ ಅಲ್ಲೇ ಇತ್ತು. ಮೂರು ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಸೊಸೆಯಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮಾತಿಲ್ಲ, ಬರಹವಿಲ್ಲ. ಕಿಟಕಿಯ ಬೆಳಕಿನಲ್ಲಿ ಹಿಡಿದ ದೊಡ್ಡಮ್ಮನ ಕೈ. ಬಿಳಿ ಕಲೆಯ ಮೇಲೆ ಮೂರು ಸಾಲೂ ಆಚೆಯಿಂದ ಈಚೆಗೆ ದಾಟಿದ್ದವು. ಕಲೆಯ ಮೇಲಿನ ಚುಕ್ಕಿ ಸ್ವಲ್ಪ ತಿಳಿ, ಉಳಿದವು ಕಡು. ಎಲ್ಲೂ ಹುಣ್ಣಿಲ್ಲ, ಕೆಂಪಿಲ್ಲ. ನಾನು ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡು ತಿಂಗಳ ಭಯ ಒಂದೇ ಸಲಕ್ಕೆ ಇಳಿಯಿತು. ಎದುರಿನ ಟೀ ಅಂಗಡಿಯವರು ಏನಾಯ್ತ್ರಿ ಅಕ್ಕಾರ ಎಂದು ಕೇಳಿದರು. ಏನೂ ಆಗಲಿಲ್ಲ ಎಂದೆ. ಅದೇ ನನ್ನ ಸಂತೋಷ.

ಕೂಸು ಹುಟ್ಟಿದ ಸುದ್ದಿ ಬಂದ ಕೂಡಲೇ ಮಡಕಶಿರಕ್ಕೆ ಹೋದೆ. ಹೆಣ್ಣುಕೂಸು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದು, ಹೊಕ್ಕುಳಬಳ್ಳಿ ಬಿದ್ದ ಮೇಲೆ ಮೊದಲ ನೀರು. ಸೊಸೆ ತಾನೇ ಹಂಡೆಗೆ ಉರಿ ಹಾಕಿದಳು, ತಾನೇ ಮಣೆ ತಂದು ಬಚ್ಚಲಲ್ಲಿ ಇಟ್ಟಳು, ಹೋಗಿ ಅತ್ತೆಯ ಮುಂದೆ ನಿಂತು, ನೀರು ಕಾದೈತೆ ಬರ್ರಿ ಎಂದಳು. ಕರೆದದ್ದು ಅವಳು ಎಂಬುದು ನನಗೆ ಬಹಳ ದೊಡ್ಡದಾಗಿ ಕಂಡಿತು.

ದೊಡ್ಡಮ್ಮ ಗಿಡ್ಡ ತೋಳಿನ ಕುಪ್ಪಸ ತೊಟ್ಟಿದ್ದಳು. ಮಣೆಯ ಮೇಲೆ ಕೂತು ಕಾಲು ನೀಡಿದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಅಂಗೈಗೆ ಎಣ್ಣೆ ಹಾಕಿಕೊಂಡು, ಒಂದು ಕ್ಷಣ ಕೈಯನ್ನು ಹಾಗೇ ಮೇಲೆ ಹಿಡಿದಳು. ಮೂರು ಬಳೆಯೂ ಸುತ್ತು ಬಂದಿದ್ದವು. ಆಮೇಲೆ ಆ ಕೈ ಕೂಸಿನ ಎದೆಯ ಮೇಲೆ ಇಳಿಯಿತು. ಕೂಸು ಒಂದೇ ಸಮನೆ ಅಳಲು ಶುರು ಮಾಡಿತು. ತಂಬಿಗೆ ಹಿಡಿದು ನೀರು ಹೊಯ್ಯಲು ನಿಂತಿದ್ದ ನಾನೂ ಶುರು ಮಾಡಿದೆ.

ದೊಡ್ಡಮ್ಮ ತಲೆ ಎತ್ತದೆ ಹೇಳಿದಳು:

"ಅಳೋದು ಕೂಸಿನ ಕೆಲ್ಸ ಕಣಮ್ಮಿ. ನೀನು ನೀರು ಹೊಯ್ಯಿ."